ಮೆಷಿನ್ ಹೇಳುವುದು ‘ಇವನ ಹಾಗಿದೆ’ ಅಂತ ಮಾತ್ರ

“ನಾವೇನು ಕದ್ದಿದ್ದೇವಾ ವಕೀಲರೇ? ರಸ್ತೆ ಕ್ಯಾಮೆರಾಕ್ಕೆ ಯಾಕೆ ಹೆದರಬೇಕು?” ಕಾಸರಗೋಡಿನ ನನ್ನ ಆಫೀಸಿನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ನನಗೆ ಚಿಂತೆ ಇರುವುದು ಕದ್ದವರದ್ದಲ್ಲ, ಕದಿಯದವರದ್ದು.

ಮೊನ್ನೆ ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರು ಆ ಕ್ಯಾಮೆರಾದ ನೋಟಿಸು ಹಿಡಿದುಕೊಂಡು ಬಂದರು. ಹೆಲ್ಮೆಟ್ ಇಲ್ಲ, 500 ರೂಪಾಯಿ ದಂಡ. ಅವರಿಗೆ ಮಲಯಾಳ ಓದಲು ಬರುವುದಿಲ್ಲ. ಫೋಟೋದಲ್ಲಿ ಕೆಂಪು ಸ್ಕೂಟರ್.

“ನಿಮ್ಮದಾ?”

“ಅಲ್ಲ, ನನ್ನದು ಕಪ್ಪು ಬೈಕು.”

ಕನ್ನಡಕ ಹಾಕಿ ನೋಡಿದೆ. ನಂಬರ್ ಪ್ಲೇಟಿನ 3ರ ಎಡಕ್ಕೆ ತುಕ್ಕಿನ ಕಲೆ. ಮೆಷಿನ್ ಅದನ್ನು 8 ಅಂತ ಓದಿ, ಇವರ ಬೈಕಿನ ನಂಬರ್ ಮಾಡಿಬಿಟ್ಟಿದೆ. ಅಷ್ಟು ಹೊತ್ತಿಗೆ ಅವರು ಮೆಲ್ಲ ಹೇಳಿದರು, “ಇದು ಎರಡನೆಯದು. ಮೊದಲನೆಯದಕ್ಕೆ ಕಟ್ಟಿಬಿಟ್ಟೆ ಮಾರಾಯ್ರೇ. ಐನೂರಲ್ವಾ, ಸುಮ್ನೆ ರಗಳೆ ಯಾಕೆ ಅಂತ.”

ನನಗೆ ಸಿಟ್ಟು ಬರುವುದು ಇಲ್ಲೇ. ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ.

ಕೇರಳದ ರಸ್ತೆಗಳಲ್ಲಿ ಇಂಥ 675 ಎಐ (ಕೃತಕ ಬುದ್ಧಿಮತ್ತೆ) ಕ್ಯಾಮೆರಾ ಇಟ್ಟು, 2023ರ ಜೂನ್ 5ರಿಂದ ದಂಡ ಹಾಕಲು ಶುರು ಮಾಡಿದರು. ನಾನು ಅದರ ವಿರೋಧಿ ಅಲ್ಲ. ಹೆಲ್ಮೆಟ್ ಹಾಕಿ. ಆದರೆ ಒಂದು ವಿಷಯ ಮನಸ್ಸಿನಲ್ಲಿರಲಿ. ಮೆಷಿನ್ ಯಾವತ್ತೂ ‘ಇವನೇ’ ಅನ್ನುವುದಿಲ್ಲ. ‘ಇವನ ಹಾಗಿದೆ’ ಅನ್ನುತ್ತದೆ, ಎಷ್ಟು ಹೋಲುತ್ತದೆ ಅಂತ ಅಂಕ ಕೊಡುತ್ತದೆ. ಎಷ್ಟು ಅಂಕ ಸಾಕು ಅಂತ ಗೆರೆ ಎಳೆಯುವುದು ಮನುಷ್ಯರು. ಮುಖ ಗುರುತಿಸುವಾಗ 80 ಶೇಕಡಾಕ್ಕಿಂತ ಜಾಸ್ತಿ ಹೋಲಿದರೆ ಹೊಂದಿಕೆಯಾಯಿತು ಎಂದೇ ಲೆಕ್ಕ ಅಂತ ದೆಹಲಿ ಪೊಲೀಸರು 2022ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಕೊಟ್ಟಿದ್ದರು. ಪರೀಕ್ಷೆಯಲ್ಲಿ 80 ಒಳ್ಳೆಯ ಅಂಕ. ಒಬ್ಬರ ಮನೆ ಬಾಗಿಲಿಗೆ ಪೊಲೀಸರನ್ನು ಕಳಿಸಲು ಅದು ಸಾಕಾ?

ಅಮೆರಿಕದ ಡೆಟ್ರಾಯ್ಟ್ ಪೊಲೀಸರು 2020ರ ಜನವರಿಯಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬವರನ್ನು ಹೆಂಡತಿ, ಮಕ್ಕಳ ಎದುರಿನಲ್ಲೇ ಹಿಡಿದುಕೊಂಡು ಹೋದರು. ವಾಚ್ ಕಳ್ಳನ ಮುಖಕ್ಕೆ ಅವರ ಮುಖ ಹೋಲುತ್ತದೆ ಅಂತ ಮೆಷಿನ್ ಹೇಳಿತ್ತು. ಅವರು ಕಳ್ಳನ ಫೋಟೋವನ್ನು ತನ್ನ ಮುಖದ ಪಕ್ಕ ಹಿಡಿದು ತೋರಿಸಿದರು. ಆದರೂ ಸುಮಾರು 30 ಗಂಟೆ ಲಾಕಪ್ಪಿನಲ್ಲಿಟ್ಟರು. ಅವರೂ ಏನೂ ಕದ್ದಿರಲಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲೇ ಹೇಳಿದ್ದಾರೆ. ಆದರೆ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದೇಶದ ಭದ್ರತೆಯಂಥ ಕಾರಣ ಕೊಟ್ಟು ಕೇಂದ್ರ ಸರ್ಕಾರ ತನಗೆ ಬೇಕಾದ ಸರ್ಕಾರಿ ಸಂಸ್ಥೆಗೆ ಆ ಕಾಯ್ದೆಯಿಂದಲೇ ವಿನಾಯಿತಿ ಕೊಡಬಹುದು. ನಾಳೆ ಇದೇ ಕ್ಯಾಮೆರಾ ಮುಖವನ್ನೂ ಓದತೊಡಗಿದರೆ ತಪ್ಪು ಐನೂರಕ್ಕೆ ಮುಗಿಯುವುದಿಲ್ಲ. ನನಗೆ ನಿಜಕ್ಕೂ ಹೆದರಿಕೆ ಇದೆ.

ಪ್ರತಿ ಕೇಸು ಬೇರೆ, ಹಾಗಾಗಿ ಎಲ್ಲರಿಗೂ ಒಂದೇ ಮದ್ದು ಹೇಳಲಾರೆ. ಈ ಕೃಷಿಕರ ಉತ್ತರವನ್ನು ಕನ್ನಡದಲ್ಲಿ ಬರೆದು, ಮಲಯಾಳ ಅನುವಾದ, ಆರ್‌ಸಿ ಪ್ರತಿ, ಕಪ್ಪು ಬೈಕಿನ ಫೋಟೋ ಸೇರಿಸಿ ಕಳಿಸಿದೆವು. ಹೊರಡುವಾಗ ಕೇಳಿದರು, “ಇದನ್ನು ಕಳಿಸಿದ ರಶೀದಿ ಎಷ್ಟು ದಿನ ಇಟ್ಟುಕೊಳ್ಳಬೇಕು?”

“ಬೈಕು ಇರುವಷ್ಟು ದಿನ” ಅಂದೆ.