ಮೊಬೈಲ್ ನಂಬರೇ ಪಾಸ್‌ವರ್ಡ್ ಆದಾಗ

ಶಿರಸಿ, ಕುಮಟಾ, ಕಾರವಾರದ ಕಡೆ ನೆಂಟರ ಮನೆಯಲ್ಲಿ ವೈಫೈ ಪಾಸ್‌ವರ್ಡ್ ಕೇಳಿದರೆ ನನಗೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: "ನನ್ನ ಮೊಬೈಲ್ ನಂಬರನ್ನೇ ಹಾಕಿ." ಫೈಬರ್ ಎಳೆಯಲು ಬಂದ ಹುಡುಗ, ಮರೆತುಹೋಗಬಾರದೆಂದು ಅದನ್ನೇ ಇಟ್ಟುಕೊಟ್ಟು ಹೋಗಿರುತ್ತಾನೆ. ಅದೇ ನಂಬರ್ ಮದುವೆಯ ಕರೆಯೋಲೆಯಲ್ಲಿದೆ, ಹೋಂಸ್ಟೇ ಫಲಕದಲ್ಲೂ ಇದೆ. ಎಚ್ಚರಿಸಿದರೆ ಸಮಾಧಾನ ಸಿದ್ಧ: ಸುತ್ತ ಅಡಿಕೆ ತೋಟ, ದಪ್ಪ ಚಿರೇಕಲ್ಲಿನ ಗೋಡೆ, ಇಲ್ಲಿಗೆ ಯಾರು ಬರುತ್ತಾರೆ? ಸ್ವಲ್ಪ ಹೆಚ್ಚು ತಿಳಿದವರು ಜಾಲದ ಹೆಸರನ್ನೇ ಅಡಗಿಸಿ ನಿಶ್ಚಿಂತರಾಗಿರುತ್ತಾರೆ.

ನನಗೆ ಹೆಚ್ಚು ಕಿರಿಕಿರಿ ಈ ಅಡಗಿಸುವವರದ್ದು. ರೌಟರ್ ತನ್ನ ಹೆಸರು ಸಾರುವುದನ್ನು ನಿಲ್ಲಿಸುತ್ತದೆ, ನಿಜ. ಆದರೆ ಫೋನ್ ಜಾಲಕ್ಕೆ ಸೇರುವಾಗ ಆ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಮನೆಯಿಂದ ದೂರ, ಗೋಕರ್ಣದ ಕಡಲತೀರದಲ್ಲೂ ಅದೇ ಹೆಸರು ಹಿಡಿದು ಹುಡುಕಬಹುದು. 1883ರಲ್ಲೇ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ಡಚ್ ಮೂಲದ ಭಾಷಾಪಂಡಿತ ಫ್ರಾನ್ಸಿನ ಸೇನಾ ವಿಜ್ಞಾನ ಪತ್ರಿಕೆಯಲ್ಲಿ ಬರೆದಿದ್ದ: ಗುಪ್ತಲಿಪಿಯ ವಿಧಾನ ಶತ್ರುವಿನ ಕೈ ಸೇರಿದರೂ ತೊಂದರೆಯಾಗಬಾರದು, ಕೀಲಿಯೊಂದು ಗುಟ್ಟಾಗಿದ್ದರೆ ಸಾಕು. ಟೆಲಿಗ್ರಾಫ್ ಕಾಲದ ಆ ಸೂತ್ರದ ಮೇಲೆಯೇ ವೈಫೈ ಭದ್ರತೆ ನಿಂತಿದೆ. 1997ರ ಡಬ್ಲ್ಯುಇಪಿ ಎಂಬ ಮೊದಲ ವ್ಯವಸ್ಥೆ 2001ರಲ್ಲಿ ಮುರಿದುಬಿದ್ದದ್ದು ಕೀಲಿಯನ್ನು ಬೆರೆಸುವ ಗಣಿತ ಸಡಿಲವಾಗಿದ್ದರಿಂದ.

ಈಗ ಬಹುತೇಕ ಮನೆಗಳಲ್ಲಿರುವುದು 2004ರ ಡಬ್ಲ್ಯುಪಿಎ2. ಅದರ ಸೊಗಸೆಂದರೆ ಪಾಸ್‌ವರ್ಡ್ ಗಾಳಿಯಲ್ಲಿ ಹಾಯುವುದೇ ಇಲ್ಲ. ರೌಟರ್ ಒಂದು ಯಾದೃಚ್ಛಿಕ ಸಂಖ್ಯೆ ಕಳಿಸುತ್ತದೆ, ಫೋನ್ ತನ್ನದೊಂದನ್ನು ಸೇರಿಸುತ್ತದೆ. ಇಬ್ಬರೂ ತಂತಮ್ಮಲ್ಲೇ ಪಾಸ್‌ವರ್ಡನ್ನು ಜಾಲದ ಹೆಸರಿನ ಜೊತೆ 4096 ಸುತ್ತು ಅರೆದು, ಆ ಸಂಖ್ಯೆಗಳಲ್ಲಿ ಕುದಿಸಿ, ಬಂದದ್ದನ್ನು ತಾಳೆ ನೋಡುತ್ತಾರೆ. ನಮ್ಮ ಮನೆಗಳ ಕಷಾಯದ ಹಾಗೆ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು ಎಷ್ಟೆಷ್ಟು ಎಂಬುದು ಅಜ್ಜಿಗಷ್ಟೇ ಗೊತ್ತು. ಅದೇ ಪುಡಿಯೋ ಅಲ್ಲವೋ ಎಂದು ಒಂದು ಗುಟುಕಿನಲ್ಲಿ ತಿಳಿಯುತ್ತದೆ; ಕಷಾಯದಿಂದ ಹಿಂದಕ್ಕೆ ಹೋಗಿ ಅಳತೆ ಬಿಡಿಸಲು ಆಗುವುದಿಲ್ಲ. ಆದರೆ ಕಳ್ಳನೊಬ್ಬ ಒಂದು ಬಾಟಲಿ ಕಷಾಯ ಒಯ್ದರೆ? ತನ್ನ ಮನೆಯಲ್ಲಿ ಒಂದೊಂದೇ ಅಳತೆ ಹಾಕಿ ಕುದಿಸಿ, ರುಚಿ ಹೋಲಿಸುತ್ತಾ ಕೂರಬಹುದು. ತಪ್ಪಿದ ಯಾವ ಊಹೆಯೂ ಅಜ್ಜಿಗೆ ಗೊತ್ತಾಗುವುದಿಲ್ಲ. ಚಿರೇಕಲ್ಲು ಅಲೆಯನ್ನು ಸೊರಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ರಸ್ತೆಯಲ್ಲಿ ನಿಂತು ಒಳ್ಳೆಯ ಆಂಟೆನಾ ತಿರುಗಿಸಿದರೆ ಫೋನ್, ರೌಟರುಗಳ ಆ ತಾಳೆಯ ಮಾತುಕತೆ ಸಿಕ್ಕಿ ಬಾಟಲಿ ತುಂಬುತ್ತದೆ.

ಈಗ ಲೆಕ್ಕ. ನಮ್ಮ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುವ ಹತ್ತು ಅಂಕಿಗಳು. ಒಟ್ಟು ಸಾಧ್ಯತೆ 400 ಕೋಟಿ. ದೊಡ್ಡದೆನಿಸುತ್ತದೆ. ಆದರೆ ಆಟವಾಡಲು ಕೊಳ್ಳುವ ದುಬಾರಿ ಗ್ರಾಫಿಕ್ಸ್ ಕಾರ್ಡ್, 4096 ಸುತ್ತಿನ ಅರೆತವನ್ನೂ ಸೇರಿಸಿ, ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಊಹೆ ಪರೀಕ್ಷಿಸುತ್ತದೆ. ದೇಶದ ಎಲ್ಲ ನಂಬರುಗಳೂ ತಾಸು, ಹೆಚ್ಚೆಂದರೆ ತಾಸೂಕಾಲಿನೊಳಗೆ ಮುಗಿದುಹೋಗುತ್ತವೆ! ಬದಲಿಗೆ 5000 ಪದಗಳ ಪಟ್ಟಿಯಿಂದ ಕಣ್ಣು ಮುಚ್ಚಿ ನಾಲ್ಕು ಪದ ಆರಿಸಿ. ಅದೇ ವೇಗದಲ್ಲಿ ಎಲ್ಲವನ್ನೂ ಮುಗಿಸಲು ಸುಮಾರು 20 ವರ್ಷ ಬೇಕು. ಐದನೆಯ ಪದ ಸೇರಿಸಿದರೆ ಸುಮಾರು 1 ಲಕ್ಷ ವರ್ಷ. ಹಲಸು, ಕಪ್ಪೆ, ಮಂಗಳವಾರ, ತಂಬಿಗೆ, ರೇಡಿಯೋ: ಅರ್ಥ ಕೂಡದಿದ್ದಷ್ಟೂ ಒಳ್ಳೆಯದು. ಮನೆದೇವರ ಹೆಸರು, ಮಗನ ಹುಟ್ಟಿದ ವರ್ಷ ಬೇಡ. ಕಳ್ಳ ಮೊದಲು ನೋಡುವುದೇ ಅವನ್ನು.

2018ರ ಡಬ್ಲ್ಯುಪಿಎ3ಯಲ್ಲಿ ಬಾಟಲಿ ಒಯ್ದು ಪ್ರಯೋಜನವಿಲ್ಲ. ಪ್ರತಿ ಊಹೆಗೂ ರೌಟರಿನ ಎದುರೇ ಬಂದು ನಿಲ್ಲಬೇಕು. ನಿಮ್ಮ ರೌಟರಿನಲ್ಲಿ ಇದ್ದರೆ ಆರಿಸಿಕೊಳ್ಳಿ. ಹಳೆಯ ಫೋನುಗಳಿಗಾಗಿ ಎರಡನ್ನೂ ಒಪ್ಪುವ ಮಿಶ್ರ ಆಯ್ಕೆ ಹಾಕಿದ್ದರೆ, ಐದು ಪದಗಳ ಅಗತ್ಯ ಹಾಗೆಯೇ ಉಳಿಯುತ್ತದೆ.

ಪಾಸ್‌ವರ್ಡ್ ಹೊಡೆಯದೆ, ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ಜಾಲಕ್ಕೆ ಸೇರಿಸುವ ಡಬ್ಲ್ಯುಪಿಎಸ್ ಎಂಬ ಸೌಲಭ್ಯವನ್ನು ಬಂದ್ ಮಾಡಿಬಿಡಿ. ಅದರ ಎಂಟಂಕಿಯ ಪಿನ್ನನ್ನು ಎರಡು ತುಂಡಾಗಿ ಪರೀಕ್ಷಿಸುವುದರಿಂದ 11,000 ಊಹೆ ಸಾಕೆಂದು 2011ರಲ್ಲೇ ಬಯಲಾಗಿದೆ. ರೌಟರಿನ ಸೆಟ್ಟಿಂಗ್ ಬದಲಿಸುವ ಆಡಳಿತ ಪುಟದ ಪಾಸ್‌ವರ್ಡ್ ಬೇರೆಯೇ ಇರುತ್ತದೆ, ಅದನ್ನೂ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಗಟ್ಟಲೆ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡದ್ದು ಕಾರ್ಖಾನೆಯವರೇ ಇಟ್ಟ 60ರಷ್ಟು ಪಾಸ್‌ವರ್ಡುಗಳನ್ನು ಇಂಟರ್ನೆಟ್ ಮೂಲಕ ಪ್ರಯತ್ನಿಸಿ. ಅಡಿಕೆ ಒಣಗಿಸುವ ಅಂಗಳಕ್ಕೆ ಕ್ಯಾಮೆರಾ ಹಾಕಿಸಿದ್ದರೆ ಅದನ್ನು ರೌಟರಿನ ಅತಿಥಿ ಜಾಲಕ್ಕೆ, ಅಂದರೆ ನೆಂಟರಿಗೆಂದು ಪ್ರತ್ಯೇಕವಾಗಿ ಇಡುವ ಜಾಲಕ್ಕೆ, ಸೇರಿಸಿ. ಬ್ಯಾಂಕ್ ವ್ಯವಹಾರದ ಕಂಪ್ಯೂಟರ್ ಮುಖ್ಯ ಜಾಲದಲ್ಲಿರಲಿ.