ಪದ ಪರಿಚಯ: ಪ್ರೊಡಕ್ಷನ್ (ಕಾಲೇಜು ಬದಲಿಸಿದ ರಿಸೀವರ್‌ನನ್ನು ಅಳೆಯುವ ಲೆಕ್ಕ)

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಸೀಸನ್ ಮುಗಿಯುತ್ತಿದ್ದ ಹಾಗೆ ಇನ್ನೊಂದು ಸೀಸನ್ ಶುರುವಾಗುತ್ತದೆ. ಯಾವ ಆಟಗಾರ ಯಾವ ಕಾಲೇಜು ಬಿಟ್ಟ, ಯಾವ ಕಾಲೇಜಿಗೆ ಸೇರಿದ ಅನ್ನುವ ಸೀಸನ್. ಆಗ ಅಭಿಮಾನಿಗಳ ಬಾಯಲ್ಲಿ ಸದಾ ಓಡಾಡುವ ಪದ ‘ಪ್ರೊಡಕ್ಷನ್’. ಅದರಲ್ಲೂ ವೈಡ್ ರಿಸೀವರ್‌ಗಳ (ಎಸೆದ ಚೆಂಡನ್ನು ಓಡಿ ಹಿಡಿಯುವವರು) ವಿಷಯ ಬಂದರೆ ಮುಗಿದೇ ಹೋಯಿತು. ‘ಎತ್ತರ ಇದೆ, ಓಟ ಇದೆ, ಎಲ್ಲಾ ಸರಿ, ಪ್ರೊಡಕ್ಷನ್ ಎಲ್ಲಿ?’ ಅಂತ ಒಬ್ಬ ಕೇಳುತ್ತಾನೆ. ‘ಪ್ರೊಡಕ್ಷನ್ ಇದೆ ಮಾರಾಯ, ಆದ್ರೆ ಯಾರ ಎದುರು ಮಾಡಿದ್ದು?’ ಅಂತ ಇನ್ನೊಬ್ಬ. ಜಗಳ ಅಲ್ಲಿಂದ ಶುರು.

ಸರಳವಾಗಿ ಹೇಳುವುದಾದರೆ ಪ್ರೊಡಕ್ಷನ್ ಅಂದರೆ ಆಟಗಾರ ಮೈದಾನದಲ್ಲಿ ಈಗಾಗಲೇ ಮಾಡಿ ತೋರಿಸಿದ್ದು. ರಿಸೀವರ್ ಆದರೆ ಎಷ್ಟು ಕ್ಯಾಚ್, ಎಷ್ಟು ಯಾರ್ಡ್, ಎಷ್ಟು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ್ದು). ಇದರ ಎದುರು ನಿಲ್ಲುವ ಪದ ‘ಪೊಟೆನ್ಶಿಯಲ್’. ಹೈಸ್ಕೂಲಿನಲ್ಲಿ ಐದು ಸ್ಟಾರ್ ರೇಟಿಂಗ್ ಸಿಕ್ಕಿತ್ತು, ಓಟದಲ್ಲಿ ಚಿರತೆ, ಮುಂದೆ ಏನೋ ಆಗಬಹುದು, ಇದೆಲ್ಲ ಆ ಲೆಕ್ಕಕ್ಕೆ ಸೇರುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ನಾಲ್ಕು ಪ್ರಯತ್ನದೊಳಗೆ ಚೆಂಡನ್ನು 10 ಯಾರ್ಡ್ ಮುಂದಕ್ಕೆ ಒಯ್ಯಬೇಕು. ಕ್ವಾರ್ಟರ್‌ಬ್ಯಾಕ್ ಎಸೆಯುತ್ತಾನೆ, ರಿಸೀವರ್ ಓಡಿ ಹಿಡಿಯುತ್ತಾನೆ. ಸಾಮಾನ್ಯವಾಗಿ ಮೈದಾನದ ಅಂಚಿನ ಕಡೆ ನಿಲ್ಲುವವನು ಇವನೇ. ಹಿಡಿದ ಮೇಲೆ ಇನ್ನಷ್ಟು ಓಡಿದರೆ ಅದೂ ಅವನ ಖಾತೆಗೇ.

ಈ ಪದಕ್ಕೆ ಇಷ್ಟು ಬೆಲೆ ಬಂದಿದ್ದು ಇತ್ತೀಚೆಗೆ. 2018ರ ಅಕ್ಟೋಬರ್‌ನಲ್ಲಿ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ‘ಟ್ರಾನ್ಸ್‌ಫರ್ ಪೋರ್ಟಲ್’ ತೆರೆಯಿತು. ಕಾಲೇಜು ಬಿಡಬೇಕೆಂದಿರುವ ಆಟಗಾರರ ಹೆಸರು ಅದರಲ್ಲಿ ಬರುತ್ತದೆ, ಬೇರೆ ಕೋಚ್‌ಗಳು ಅವರನ್ನು ಮಾತಾಡಿಸಬಹುದು. ಆದರೂ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಬೆಂಚಿನಲ್ಲಿ ಕೂರಬೇಕಿತ್ತು. 2021ರಲ್ಲಿ ಒಂದು ಸಲ ಕೂರದೆ ಬದಲಿಸಬಹುದು ಅಂತ ಆಯಿತು. 2024ರಲ್ಲಿ ಓದು ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಸರಿ ಅಂತ ಆಯಿತು. ನಡುವೆ, 2021ರ ಜುಲೈನಿಂದ, ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಸಂಪಾದಿಸುವುದಕ್ಕೂ ದಾರಿ ತೆರೆಯಿತು. ಇನ್ನೇನು ಬೇಕು? ಈಗ ದೊಡ್ಡ ತಂಡಗಳಿಗೆ ಪ್ರತಿ ವರ್ಷ ಹೊಸ ರಿಸೀವರ್‌ಗಳು ಬಂದಿಳಿಯುತ್ತಾರೆ. ಅಭಿಮಾನಿಗಳು ಅವರ ಆಟವನ್ನು ವಾರ ವಾರ ಕೂತು ನೋಡಿರುವುದಿಲ್ಲ. ಕೈಯಲ್ಲಿರುವುದು ಹಳೆ ಕಾಲೇಜಿನ ಅಂಕಿ, ಜೊತೆಗೆ ಎರಡು ನಿಮಿಷದ ಹೈಲೈಟ್ ವಿಡಿಯೋ. ಕೈಬಿಟ್ಟ ಕ್ಯಾಚ್ ಆ ವಿಡಿಯೋದಲ್ಲಿ ಯಾರೂ ಹಾಕಲ್ಲ, ಅಲ್ವಾ?

ತೊಂದರೆ ಏನೆಂದರೆ, ರಿಸೀವರ್ ತನ್ನ ಪ್ರೊಡಕ್ಷನ್ ತಾನೇ ಮಾಡಿಕೊಳ್ಳಲು ಆಗುವುದಿಲ್ಲ. ಚೆಂಡು ಅವನ ಕಡೆ ಬರಬೇಕು. ಬರಬೇಕಾದರೆ ಎಸೆಯುವವನು ಒಳ್ಳೆಯವನಾಗಿರಬೇಕು, ಅವನನ್ನು ಕಾಯುವ ಆಟಗಾರರ ಸಾಲು ಗಟ್ಟಿಯಾಗಿ ನಿಲ್ಲಬೇಕು, ಕೋಚ್‌ಗೆ ಎಸೆತದ ಆಟ ಇಷ್ಟ ಇರಬೇಕು, ಪಕ್ಕದಲ್ಲಿ ತನಗಿಂತ ಚುರುಕಾದವರು ಮೂರು ಜನ ಇರಬಾರದು. ಹಾಗಾಗಿ ಯಾರ್ಡ್ ನೋಡುವ ಮೊದಲು ‘ಟಾರ್ಗೆಟ್’ ನೋಡಬೇಕು, ಅಂದರೆ ಅವನ ಕಡೆ ಎಷ್ಟು ಚೆಂಡು ಎಸೆದರು ಅನ್ನುವುದು. ಎಸೆದರೂ ಬರಿಗೈ ಆಗಿದ್ದರೆ ಅದು ಒಂದು ಕಥೆ, ಎಸೆಯಲೇ ಇಲ್ಲ ಅಂದರೆ ಬೇರೆಯದೇ ಕಥೆ.

ಜೇಮ್ಸನ್ ವಿಲಿಯಮ್ಸ್ ಉದಾಹರಣೆ ತಗೊಳ್ಳಿ. ಒಹಾಯೊ ಸ್ಟೇಟ್‌ನಲ್ಲಿ ಎರಡು ವರ್ಷ ಇದ್ದ, ಒಟ್ಟು 15 ಕ್ಯಾಚ್, 266 ಯಾರ್ಡ್. ಅಂಕಿ ಮಾತ್ರ ನೋಡುವವರು ‘ಇವನಾ?’ ಅಂತ ಮುಖ ತಿರುಗಿಸಬೇಕು. 2021ರಲ್ಲಿ ಅಲಬಾಮಾಗೆ ಬಂದ, ಒಂದೇ ಸೀಸನ್‌ನಲ್ಲಿ 79 ಕ್ಯಾಚ್, 1,572 ಯಾರ್ಡ್, 15 ಟಚ್‌ಡೌನ್. ಕ್ಯಾಚ್ ಒಂದಕ್ಕೆ ಹತ್ತಿರ ಹತ್ತಿರ 20 ಯಾರ್ಡ್! ಹಾಗಾದರೆ ಮೊದಲೇಕೆ ಮಾಡಲಿಲ್ಲ? 2022ರ ಎನ್‌ಎಫ್‌ಎಲ್ ಡ್ರಾಫ್ಟ್ (ವೃತ್ತಿಪರ ಲೀಗ್‌ನ ತಂಡಗಳು ಸರದಿಯಲ್ಲಿ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದು) ಪಟ್ಟಿ ತೆಗೆದು ನೋಡಿ. 10ನೆಯವನು ಗ್ಯಾರೆಟ್ ವಿಲ್ಸನ್, 11ನೆಯವನು ಕ್ರಿಸ್ ಒಲಾವೆ, 12ನೆಯವನು ವಿಲಿಯಮ್ಸ್. ಮೊದಲಿಬ್ಬರೂ ಒಹಾಯೊ ಸ್ಟೇಟ್‌ನಲ್ಲಿ ಅವನಿಗಿಂತ ಮುಂದೆ ನಿಂತಿದ್ದವರೇ. ಅಷ್ಟು ಗಟ್ಟಿ ಸಾಲಿನಲ್ಲಿ ಅವನಿಗೆ ಚೆಂಡು ಸಿಗುವುದಾದರೂ ಹೇಗೆ?

ಉಲ್ಟಾ ಉದಾಹರಣೆ ಜೋರ್ಡನ್ ಆಡಿಸನ್. 2021ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ 100 ಕ್ಯಾಚ್, 1,593 ಯಾರ್ಡ್, ದೇಶದ ಅತ್ಯುತ್ತಮ ರಿಸೀವರ್‌ಗೆ ಕೊಡುವ ಬಿಲೆಟ್ನಿಕಾಫ್ ಪ್ರಶಸ್ತಿ. ಇದಕ್ಕಿಂತ ಪ್ರೊಡಕ್ಷನ್ ಬೇಕಾ? ಮಾರನೇ ವರ್ಷ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಸೇರಿದ. ಅಲ್ಲಿ ಎಸೆಯುವವನು ಆ ವರ್ಷ ಹೈಸ್‌ಮನ್ (ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಪ್ರಶಸ್ತಿ) ಗೆದ್ದ ಕೇಲೆಬ್ ವಿಲಿಯಮ್ಸ್. ಆದರೂ ಆಡಿಸನ್ ಅಂಕಿ 59 ಕ್ಯಾಚ್, 875 ಯಾರ್ಡ್‌ಗೆ ಇಳಿಯಿತು. ಆಟ ಕೆಟ್ಟಿತಾ? ಇಲ್ಲ. 11 ಪಂದ್ಯ ಮಾತ್ರ ಆಡಿದ, ಚೆಂಡು ಹಂಚಿಕೊಳ್ಳಲು ಅಲ್ಲಿ ಜನ ಜಾಸ್ತಿ ಇದ್ದರು. ಎನ್‌ಎಫ್‌ಎಲ್‌ನವರು ಈ ಇಳಿತಕ್ಕೆ ಹೆದರಲಿಲ್ಲ, 2023ರಲ್ಲಿ ಮಿನೆಸೋಟಾ ತಂಡ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ತಗೊಂಡಿತು.

ನನಗೆ ಈ ಪದದ ಎಲ್ಲ ಮುಖ ಒಂದೇ ಕಡೆ ಕಾಣುವುದು ಟೆಕ್ಸಸ್ ವಿಶ್ವವಿದ್ಯಾಲಯ ತಂಡದ 2024ರ ಸೀಸನ್‌ನಲ್ಲಿ. (ಆಸ್ಟಿನ್, ಡಲ್ಲಾಸ್ ಕಡೆ ಇರುವ ಕನ್ನಡಿಗರಿಗೆ ಶನಿವಾರ ಊರಿಗೆ ಊರೇ ತಂಡದ ಕಿತ್ತಳೆ ಬಣ್ಣ ಆಗುವುದು ಹೊಸದೇನಲ್ಲ.) ಹಿಂದಿನ ವರ್ಷ 75 ಕ್ಯಾಚ್ ಹಿಡಿದ ಝೇವಿಯರ್ ವರ್ದಿ, 55 ಹಿಡಿದ ಅಡೊನೈ ಮಿಚೆಲ್, 42 ಹಿಡಿದ ಜೋರ್ಡನ್ ವಿಟಿಂಗ್ಟನ್, ಮೂವರೂ ಎನ್‌ಎಫ್‌ಎಲ್‌ಗೆ ಹೊರಟುಹೋದರು. ಮೂರು ಕುರ್ಚಿ ಖಾಲಿ. ಹೊಸಬರಲ್ಲಿ ಹೆಚ್ಚು ಸದ್ದು ಮಾಡಿದವನು ಅಲಬಾಮಾದಿಂದ ಬಂದ ಐಸಾಯಾ ಬಾಂಡ್. 2023ರಲ್ಲಿ ಆಬರ್ನ್ ವಿರುದ್ಧ ಕೊನೆಯ ಪ್ರಯತ್ನದಲ್ಲಿ, 31 ಯಾರ್ಡ್ ದೂರದಿಂದ ಬಂದ ಚೆಂಡನ್ನು ಮೂಲೆಯಲ್ಲಿ ಹಿಡಿದು ಅಲಬಾಮಾವನ್ನು ಗೆಲ್ಲಿಸಿದವನು. ಆ ಕ್ಯಾಚ್ ನೋಡದ ಅಭಿಮಾನಿಯೇ ಇರಲಿಲ್ಲ. ಅವನ ಜೊತೆಗೆ ಹ್ಯೂಸ್ಟನ್‌ನಿಂದ ಮ್ಯಾಥ್ಯೂ ಗೋಲ್ಡನ್ ಅನ್ನುವವನೂ ಬಂದ. ಎರಡು ವರ್ಷಕ್ಕೆ 76 ಕ್ಯಾಚ್, 988 ಯಾರ್ಡ್. ಪರವಾಗಿಲ್ಲ ಅನ್ನಿಸುವ ಅಂಕಿ, ಅಷ್ಟೇ.

ಸೀಸನ್ ಮುಗಿಯುವಷ್ಟರಲ್ಲಿ ಬಾಂಡ್ 34 ಕ್ಯಾಚ್, 540 ಯಾರ್ಡ್. ಕೊನೆಕೊನೆಗೆ ಪಾದದ ಗಿಣ್ಣಿನ ಪೆಟ್ಟೂ ಕಾಡಿತು. ಗೋಲ್ಡನ್ 58 ಕ್ಯಾಚ್, 987 ಯಾರ್ಡ್. ಹ್ಯೂಸ್ಟನ್‌ನಲ್ಲಿ ಎರಡು ವರ್ಷ ತಗೊಂಡಿದ್ದನ್ನು ಒಂದೇ ವರ್ಷದಲ್ಲಿ, ಒಂದು ಯಾರ್ಡ್ ಕಮ್ಮಿ ಅಷ್ಟೇ! 2025ರ ಜನವರಿ 1ರಂದು ಅರಿಜೋನಾ ಸ್ಟೇಟ್ ವಿರುದ್ಧದ ಪೀಚ್ ಬೌಲ್‌ನಲ್ಲಿ (ರಾಷ್ಟ್ರೀಯ ಪ್ಲೇಆಫ್‌ನ ಕ್ವಾರ್ಟರ್‌ಫೈನಲ್) ಪಂದ್ಯ ಓವರ್‌ಟೈಮ್‌ಗೆ ಹೋಗಿತ್ತು. ಟೆಕ್ಸಸ್ 7 ಪಾಯಿಂಟ್ ಹಿಂದೆ, ನಾಲ್ಕನೇ ಪ್ರಯತ್ನ, 13 ಯಾರ್ಡ್ ಬೇಕು. ತಪ್ಪಿದರೆ ಮನೆಗೆ. ಟೆಕ್ಸಸ್ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಎಸೆದಿದ್ದು ಗೋಲ್ಡನ್‌ಗೆ, 28 ಯಾರ್ಡ್, ಟಚ್‌ಡೌನ್. ಎರಡನೇ ಓವರ್‌ಟೈಮ್‌ನಲ್ಲಿ, ಟಚ್‌ಡೌನ್ ಆದ ಮೇಲೆ ಸಿಗುವ ಎರಡು ಪಾಯಿಂಟ್‌ನ ಎಸೆತ ಹಿಡಿದವನೂ ಅವನೇ. ಟೆಕ್ಸಸ್‌ಗೆ 39–31 ಗೆಲುವು. ಪ್ರಾಣ ಬಾಯಿಗೆ ಬಂದಾಗ ಕ್ವಾರ್ಟರ್‌ಬ್ಯಾಕ್ ಯಾರನ್ನು ಹುಡುಕುತ್ತಾನೆ ಅನ್ನುವುದು ಬೇಸಿಗೆಯ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಇನ್ನು ‘ಯಾರ ಎದುರು ಮಾಡಿದ್ದು’ ಅನ್ನುವ ಪ್ರಶ್ನೆ. ರಣಜಿಯಲ್ಲಿ ರನ್ ಗುಡ್ಡೆ ಹಾಕಿದವನು ಐಪಿಎಲ್‌ನಲ್ಲಿ ಆಡುತ್ತಾನಾ ಅಂತ ನಾವು ಕೇಳುವಂಥದ್ದೇ. ಸಣ್ಣ ಕಾನ್ಫರೆನ್ಸ್‌ಗಳಲ್ಲಿ (ತಮ್ಮತಮ್ಮಲ್ಲೇ ಹೆಚ್ಚಾಗಿ ಆಡುವ ಕಾಲೇಜುಗಳ ಗುಂಪು) ಸಾವಿರ ಯಾರ್ಡ್ ದಾಟಿದವರನ್ನು ದೊಡ್ಡ ತಂಡದ ಅಭಿಮಾನಿಗಳು ಅನುಮಾನದಿಂದಲೇ ನೋಡುತ್ತಾರೆ. ಎಲೈಜಾ ಸ್ಯಾರಟ್ ವಿಷಯದಲ್ಲಿ ಈ ಅನುಮಾನ ಸುಳ್ಳಾಯಿತು. 2023ರಲ್ಲಿ ಜೇಮ್ಸ್ ಮ್ಯಾಡಿಸನ್‌ನಲ್ಲಿ 82 ಕ್ಯಾಚ್, 1,191 ಯಾರ್ಡ್. ಕೋಚ್ ಕರ್ಟ್ ಸಿಗ್ನೆಟಿ ಇಂಡಿಯಾನಾಗೆ ಹೋದಾಗ ಇವನೂ ಹಿಂದೆಯೇ ಹೋದ. ಬಿಗ್ ಟೆನ್‌ನಂಥ ದೊಡ್ಡ ಕಾನ್ಫರೆನ್ಸ್‌ನಲ್ಲಿ ಮೊದಲ ವರ್ಷವೇ 53 ಕ್ಯಾಚ್, 957 ಯಾರ್ಡ್. ಕ್ಯಾಚ್ ಕಮ್ಮಿಯಾಯಿತು, ಕ್ಯಾಚ್ ಒಂದರ ಯಾರ್ಡ್ ಏರಿತು. ಹಿಂದಿನ ವರ್ಷ 3 ಗೆದ್ದು 9 ಸೋತಿದ್ದ ಇಂಡಿಯಾನಾ ಆ ವರ್ಷ 11 ಗೆದ್ದು 2 ಮಾತ್ರ ಸೋತಿತು. ಪೊಟೆನ್ಶಿಯಲ್‌ಗಿಂತ ಪ್ರೊಡಕ್ಷನ್ ಮುಖ್ಯ ಅನ್ನುವುದು ಸಿಗ್ನೆಟಿ ಯಾವಾಗಲೂ ಹೇಳುವ ಮಾತು. ಆದರೆ ಇಲ್ಲೊಂದು ಗುಟ್ಟಿದೆ, ಅದನ್ನು ಜನ ಮರೆಯುತ್ತಾರೆ. ಕೋಚ್ ಅದೇ, ಆಟದ ಪ್ಲಾನ್ ಮಾಡುವವನೂ ಅದೇ, ಹಾಗಾಗಿ ಸ್ಯಾರಟ್‌ಗೆ ಹೊಸ ಜರ್ಸಿ ಬಿಟ್ಟರೆ ಆಟದಲ್ಲಿ ಹೊಸದಾಗಿ ಕಲಿಯಲು ಅಷ್ಟೇನೂ ಇರಲಿಲ್ಲ. ಕೋಚ್ ಜೊತೆಗೇ ಬಂದವನ ಪ್ರೊಡಕ್ಷನ್‌ಗೆ ನಾನು ಒಂದು ತೂಕ ಜಾಸ್ತಿ ಕೊಡುತ್ತೇನೆ.

ಉಳಿದವು ಸಣ್ಣಪುಟ್ಟ ಅಳತೆಗಳು. ‘ಡ್ರಾಪ್’, ಅಂದರೆ ಕೈಗೆ ಬಂದಿದ್ದನ್ನು ಬಿಟ್ಟಿದ್ದು. ‘ಯಾರ್ಡ್ಸ್ ಆಫ್ಟರ್ ಕ್ಯಾಚ್’, ಹಿಡಿದ ಮೇಲೆ ಓಡಿದ್ದು. ಬರೀ ಪಕ್ಕಕ್ಕೆ ಎಸೆಯುವ ಗಿಡ್ಡ ಪಾಸ್‌ಗಳಿಂದ ಕ್ಯಾಚ್ ಸಂಖ್ಯೆ ಬೆಳೆಸಿಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ. ‘ಸ್ಲಾಟ್’ ಅಂದರೆ ಒಳಗಡೆ ನಿಲ್ಲುವ ಜಾಗ, ಅಲ್ಲಿ ಓಡಲು ಸ್ವಲ್ಪ ಬಿಡುವು ಸಿಗುತ್ತದೆ. ಸ್ಲಾಟ್‌ನಲ್ಲಿ 80 ಕ್ಯಾಚ್ ಹಿಡಿದವನನ್ನು ತಂದು ಅಂಚಿನಲ್ಲಿ ನಿಲ್ಲಿಸಿದರೆ, ಎದುರಿನವನು ಮೊದಲ ಹೆಜ್ಜೆಯಲ್ಲೇ ಎದೆಗೆ ಕೈ ಹಾಕಿ ತಡೆಯುತ್ತಾನೆ. ಆ 80 ಅಲ್ಲಿ ಲೆಕ್ಕಕ್ಕೆ ಬರಲ್ಲ.

ಹಾಗಾಗಿ ಮುಂದಿನ ಸಲ ಯಾರಾದರೂ ‘ಈ ಹುಡುಗನಿಗೆ ಪ್ರೊಡಕ್ಷನ್ ಇಲ್ಲ’ ಅಂದರೆ ಸುಮ್ನೆ ಒಪ್ಪಿಕೊಳ್ಳಬೇಡಿ. ಅವನಿಗೆ ಎಷ್ಟು ಚೆಂಡು ಎಸೆದಿದ್ದರು, ಎಸೆದವನು ಯಾರು, ಅವನಿಗಿಂತ ಮುಂದೆ ಯಾರ್ಯಾರು ನಿಂತಿದ್ದರು ಅಂತ ಕೇಳಿ. ಉತ್ತರ ಬರದಿದ್ದರೆ, ಅವರು ಬರೀ ಅಂಕಿ ಪಟ್ಟಿ ಓದಿ ಬಂದಿದ್ದಾರೆ ಅಂತಲೇ ಲೆಕ್ಕ.