ಬ್ಯಾರಲ್ ಸ್ಮೋಕರ್: ಗಾಳಿಯನ್ನು ಕಟ್ಟುವ ಕೆಲಸ

ಹೋದ ಚಳಿಗಾಲದಲ್ಲಿ ಖಾನಾಪುರ ರಸ್ತೆಯ ಕಡೆ ತೋಟ ಇರುವವರೊಬ್ಬರು ಟಂಟಂನಲ್ಲಿ ಎರಡು ಕಬ್ಬಿಣದ ಬ್ಯಾರಲ್ ಹೇರಿಕೊಂಡು ಬೆಳಗಾವಿ ಉದ್ಯಮಬಾಗದ ನಮ್ಮ ವೆಲ್ಡಿಂಗ್ ಶೆಡ್ಡಿಗೆ ಬಂದರು.

“ಮಿಸ್ತ್ರೀ, ಇವನ್ನ ಕೊಯ್ದು ಹೊಗಿಯೊಳಗ ಮಾಂಸ ಬೇಯಿಸೂ ಸ್ಮೋಕರ್ ಒಂದ ಮಾಡಿಕೊಡ್ರಿ. ಅಮೆರಿಕಾದಾಗ ಇರೂ ನಮ್ಮ ತಮ್ಮ ವಿಡಿಯೋ ಕಳಿಸ್ಯಾನ.”

“ಮಾಡೂನ್ರಿ ಸಾವಕಾರ್ರ. ಇವುಗಳೊಳಗ ಮೊದಲ ಏನಿತ್ತು?”

“ಗುಜರಿ ಅಂಗಡ್ಯಾಂವ ಖಾಲಿ ಅದಾವ ಅಂದಾನ್ರಿ.”

ಖಾಲಿ ಆಗುವುದಕ್ಕಿಂತ ಮೊದಲು ಏನಿತ್ತು ಎಂಬುದು ನನಗೆ ಬೇಕಿತ್ತು. ಅದು ಅವರಿಗೂ ಗೊತ್ತಿರಲಿಲ್ಲ, ಗುಜರಿಯವನಿಗೂ ಗೊತ್ತಿರಲಿಲ್ಲ. ಎರಡನ್ನೂ ತಿರುಗಿ ಕಳಿಸಿದೆ. ಬೇಸರ ಮಾಡಿಕೊಂಡೇ ಹೋದರು. ಎರಡು ವಾರ ಬಿಟ್ಟು ಮಾವಿನ ತಿರುಳು ತುಂಬಿ ಬಂದಿದ್ದ, ಚೀಟಿ ಇನ್ನೂ ಮೈಗೆ ಅಂಟಿಕೊಂಡಿದ್ದ ಬ್ಯಾರಲ್ ಹುಡುಕಿ ತಂದರು. ಅವತ್ತೇ ಕೆಲಸ ಹಿಡಿದೆ.

ಇಷ್ಟು ಹಟ ಏಕೆ ಎಂದರೆ, ನಾನು ಹೊಸದಾಗಿ ವೆಲ್ಡಿಂಗ್ ಕಲಿಯುತ್ತಿದ್ದಾಗ ಒಂದು ಶೆಡ್ಡಿನಲ್ಲಿ ಥಿನ್ನರ್ ಬ್ಯಾರಲ್ ಒಂದನ್ನು ನೀರಿನ ತೊಟ್ಟಿ ಮಾಡಲು ಕೊಯ್ಯುತ್ತಿದ್ದರು. ವಾರಗಟ್ಟಲೆ ಬಿಸಿಲಿಗೆ ಬಿದ್ದಿದ್ದ ಬ್ಯಾರಲ್, ಮೂಗಿಗೆ ವಾಸನೆಯೂ ಬರುತ್ತಿರಲಿಲ್ಲ. ಗ್ರೈಂಡರಿನ ಮೊದಲ ಕಿಡಿ ಒಳಗೆ ಹೋದದ್ದೇ ತಡ, ಮುಚ್ಚಳ ಕಿತ್ತು ಮೇಲಿನ ತಗಡಿನ ಪತ್ರಾಕ್ಕೆ ಬಡಿಯಿತು. ಗ್ರೈಂಡರ್ ಹಿಡಿದಿದ್ದ ಹುಡುಗನ ಎರಡೂ ಕೈ ಸುಟ್ಟವು. ಮುಖ ಉಳಿದದ್ದು ಪುಣ್ಯ. ದ್ರವವೆಲ್ಲ ಹೋದರೂ ಅದರ ಆವಿ ಒಳಗೆ ನಿಂತಿರುತ್ತದೆ, ಗಾಳಿಯ ಜೊತೆ ಕೂಡಿಕೊಂಡಿರುತ್ತದೆ. ತುಂಬಿದ ಬ್ಯಾರಲಿಗಿಂತ ಖಾಲಿ ಬ್ಯಾರಲ್ ಅಪಾಯ ಎನ್ನುವುದು ಇದಕ್ಕೇ. ಎಂಜಿನ್ ಆಯಿಲ್, ಡೀಸೆಲ್ ತಣ್ಣಗಿದ್ದಾಗ ಸುಮ್ಮನಿರುತ್ತವೆ, ಕಟಿಂಗ್ ವ್ಹೀಲಿನ ಶಾಖ ತಗುಲಿದ ಕೂಡಲೇ ಗೋಡೆಗೆ ಹತ್ತಿದ ಜಿಡ್ಡು ಆವಿಯಾಗಿ ಏಳುತ್ತದೆ. ಕೀಟನಾಶಕ, ಆಸಿಡ್, ಥಿನ್ನರ್, ಬಣ್ಣ ಇದ್ದ ಬ್ಯಾರಲ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಅದರಲ್ಲಿ ನೀವು ಅಡುಗೆ ಮಾಡುವವರು, ಮಕ್ಕಳಿಗೆ ಉಣಿಸುವವರು. ಹಣ್ಣಿನ ತಿರುಳು, ಅಡುಗೆ ಎಣ್ಣೆ, ಜೇನು ತುಂಬಿದ್ದು ಎಂದು ಚೀಟಿ ಇದ್ದರೆ ಮಾತ್ರ ತನ್ನಿ. ಅಂಥ ಬ್ಯಾರಲನ್ನೂ ನಾನು ಸೋಪಿನ ನೀರಲ್ಲಿ ತೊಳೆದು, ಕೊಯ್ಯುವ ಗೆರೆಯ ಹತ್ತಿರದವರೆಗೂ ನೀರು ತುಂಬಿಸಿ, ಬಾಯಿ ತೆರೆದಿಟ್ಟೇ ಕೊಯ್ಯುತ್ತೇನೆ. ಗಾರ್ಡ್ ತೆಗೆದ ಗ್ರೈಂಡರನ್ನು ನಮ್ಮ ಶೆಡ್ಡಿನಲ್ಲಿ ಯಾರೂ ಮುಟ್ಟುವಂತಿಲ್ಲ.

ಇನ್ನು ಈ ಯಂತ್ರದ ಮಾತು. ತಂದೂರಿನಲ್ಲಿ ಮಾಂಸ ಕೆಂಡದ ಉರಿಗೆ ನೇರ ಬೇಯುತ್ತದೆ, ಅರ್ಧ ತಾಸಿನಲ್ಲಿ ಕೆಲಸ ಮುಗಿಯಿತು. ಸ್ಮೋಕರಿನಲ್ಲಿ 110ರಿಂದ 130 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿ, ಜೊತೆಗೆ ತೆಳ್ಳನೆಯ ಹೊಗೆ, ಐದಾರು ತಾಸು. ಬೆಂಕಿ ಹಚ್ಚುವುದು ಯಾರಿಗೂ ಬರುತ್ತದೆ. ಹತ್ತಿದ ಬೆಂಕಿಯನ್ನು ಇಷ್ಟೇ ಉರಿ ಎಂದು ತಡೆದು ನಿಲ್ಲಿಸಬೇಕೆಂದರೆ ಅದರ ಗಾಳಿ ನಿಮ್ಮ ಕೈಯಲ್ಲಿರಬೇಕು. ಇದ್ದಿಲು ಎಷ್ಟು ಸುರಿದರೂ ಗಾಳಿ ಬಂದಷ್ಟೇ ಉರಿಯುತ್ತದೆ. ಹಾಗಾಗಿ ಸ್ಮೋಕರ್ ಮಾಡುವುದು ಎಂದರೆ ನನ್ನ ಪಾಲಿಗೆ ಗಾಳಿ ಸೋರದ ಒಂದು ಡಬ್ಬಿ ಮಾಡಿ, ನಾವು ಹೇಳಿದ ಕಡೆ ಮಾತ್ರ ತೂತು ಇಡುವುದು.

ಜನ ಹೆಚ್ಚಾಗಿ ಕೇಳುವುದು ಎರಡು ಬ್ಯಾರಲಿನ ಮಾದರಿ: ಕೆಳಗಿನ ಅಡ್ಡ ಬ್ಯಾರಲಿನಲ್ಲಿ ಬೆಂಕಿ, ಮೇಲಿನದರಲ್ಲಿ ಮಾಂಸ, ನಡುವೆ ಎರಡು ಪೈಪು. ನೋಡಲು ಗಂಭೀರವಾಗಿದೆ, ನಾನು ಮೊದಲು ಮಾಡಿದ್ದೂ ಅದನ್ನೇ. ಆದರೆ ಬ್ಯಾರಲಿನ ಪತ್ರಾ ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಬೆಳಗಾವಿಯ ಸಂಜೆಗಾಳಿ ಬೀಸಿತೆಂದರೆ ಅಷ್ಟು ದೊಡ್ಡ ಮೈ ಶಾಖ ಕಳೆದುಕೊಳ್ಳುತ್ತದೆ, ಕಟ್ಟಿಗೆ ತಿನ್ನುತ್ತಲೇ ಇರುತ್ತದೆ, ಪೈಪಿನ ಬಾಯಿಯ ಮೇಲಿಟ್ಟ ತುಂಡು ಕರಕಾಗಿ ನಡುವಿನದು ಹಸಿ ಉಳಿಯುತ್ತದೆ. ಉದ್ದನೆ ಕೊಯ್ದ ಬಾಗಿಲು ನಾಲ್ಕು ಸಲ ಕಾದು ತಣಿಯುವಷ್ಟರಲ್ಲಿ ಸೊಟ್ಟಗಾಗಿ, ಬಿಜಾಗರಿಯ ಸಂದಿನಿಂದ ಗಾಳಿ ಎಳೆಯುತ್ತದೆ. ಈಗ ನಾನು ಬ್ಯಾರಲನ್ನು ನೆಟ್ಟಗೇ ನಿಲ್ಲಿಸಿ ಮಾಡುತ್ತೇನೆ. ದುಂಡು ಮೈ ಕೊಯ್ಯುವ ಗೋಜಿಲ್ಲ. ಇಡೀ ಮುಚ್ಚಳ ರಿಂಗಿನಿಂದ ಕಚ್ಚಿ ಕೂರುವ ಬ್ಯಾರಲ್ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ಮಾತ್ರ ಕಿತ್ತು ಎಸೆಯಿರಿ, ಅದು ಸುಟ್ಟು ನಾರುತ್ತದೆ.

ಒಳಗಿನ ಕೆಂಪು ಅಥವಾ ಬಂಗಾರದ ಬಣ್ಣದ ಲೇಪ ನೋಡಿ. ಅದು ಎಪಾಕ್ಸಿ ಜಾತಿಯ ಲೇಪ, ಅದರ ಮೇಲೆ ಅಡುಗೆ ಮಾಡಬಾರದು. ಗಾಳಿಗೆ ಕೆಳಗೆ ತೂತು ಕೊರೆದ ಮೇಲೆ, ಮನೆಗಳಿಂದ ದೂರದ ಬಯಲಲ್ಲಿ ಒಣ ಕಟ್ಟಿಗೆ ತುಂಬಿಸಿ ಎರಡು ಮೂರು ತಾಸು ಜೋರಾಗಿ ಉರಿಸಬೇಕು. ಆ ಹೊಗೆಯ ಎದುರು ನಿಲ್ಲಬೇಡಿ. ತಣಿದ ಮೇಲೆ ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಬರೀ ಉಕ್ಕು ಕಾಣುವವರೆಗೆ ಉಜ್ಜಬೇಕು. ಎಲ್ಲಿಯಾದರೂ ಅಂಟಂಟು ಉಳಿದಿದ್ದರೆ ಮತ್ತೆ ಸುಡಿ. ಈ ಕೆಲಸಕ್ಕೆ ಒಂದು ದಿನ ಪೂರ್ತಿ ಹೋಗುತ್ತದೆ, ಗಿರಾಕಿಗಳು ಅವಸರ ಮಾಡುವುದೂ ಇಲ್ಲೇ. ನಾನು ಬಿಡುವುದಿಲ್ಲ.

ಈಗ ತೂತಿನ ಲೆಕ್ಕ. ತಳದಿಂದ ಎರಡು ಇಂಚು ಮೇಲೆ ಒಂದಿಂಚಿನ ನಾಲ್ಕು ತೂತು, ನಾಲ್ಕು ದಿಕ್ಕಿಗೆ. ಮುಚ್ಚಳದಲ್ಲಿ ಎರಡಿಂಚಿನ ಒಂದು ತೂತು, ಅದಕ್ಕೊಂದು ಗೇಣುದ್ದದ ಪೈಪಿನ ಚಿಮಣಿ. “ಒಂದಿಂಚಿನವು ಎರಡಾದ್ರ ಎರಡಿಂಚು ಆತಲ್ಲ ಕಾಕಾ?” ಎಂದು ನಮ್ಮ ಹುಡುಗರೇ ಕೇಳುತ್ತಾರೆ. ಆಗುವುದಿಲ್ಲ. ಅಡ್ಡಳತೆ ಇಮ್ಮಡಿಯಾದರೆ ಬಾಯಿಯ ವಿಸ್ತಾರ ನಾಲ್ಕು ಪಟ್ಟು. ಒಂದಿಂಚಿನ ನಾಲ್ಕು ಬಾಯಿ ಸೇರಿದಾಗ ಎರಡಿಂಚಿನ ಒಂದು ಬಾಯಿ, ಸರಿಸುಮಾರು 20 ಚದರ ಸೆಂಟಿಮೀಟರ್. ಒಳಗೆ ಬರುವ ದಾರಿ, ಹೊರಗೆ ಹೋಗುವ ದಾರಿ ಸಮನಾದರೆ ಹೊಗೆ ತಂಗುವುದಿಲ್ಲ. ನಾಲ್ಕರಲ್ಲಿ ಮೂರು ತೂತಿಗೆ ಪೈಪಿನ ತುಂಡು ಬೆಸೆದು ಬಿರಡೆ, ಒಂದಕ್ಕೆ ಬಾಲ್ ವಾಲ್ವ್. ಬ್ಯಾರಲಿಗೆ ಬೆಸೆಯುವಾಗ ದಪ್ಪ ರಾಡ್ ಹಿಡಿದರೆ ಪತ್ರಾ ಕರಗಿ ತೂತಾಗುತ್ತದೆ. 2 ಮಿಲಿಮೀಟರ್ ರಾಡ್, ಕಡಿಮೆ ಕರೆಂಟ್, ಚುಕ್ಕಿ ಚುಕ್ಕಿಯಾಗಿ. ವೆಲ್ಡಿಂಗ್ ಬಾರದವರು ಎರಡೂ ಕಡೆ ಚೆಕ್‌ನಟ್ ಬಿಗಿದರೂ ನಡೆಯುತ್ತದೆ.

ಒಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳಬೇಕು: ಬೆಂಕಿಯ ಹತ್ತಿರ ಬರುವ ಯಾವುದಕ್ಕೂ ಜಿ.ಐ., ಅಂದರೆ ಸತುವಿನ ಲೇಪದ ಕಬ್ಬಿಣ, ಬಳಸಬೇಡಿ. ಅದರ ಮೇಲಿನ ಸತುವು 420 ಡಿಗ್ರಿ ಹತ್ತಿರ ಕರಗುತ್ತದೆ, ಕೆಂಡದ ನಡುವೆ ಅದಕ್ಕಿಂತ ಹೆಚ್ಚು ಶಾಖ ಇರುತ್ತದೆ. ಜಿ.ಐ. ಪೈಪ್ ಬೆಸೆದ ದಿನ ಆ ಸತುವಿನ ಹೊಗೆ ಕುಡಿದು ರಾತ್ರಿ ಚಳಿಜ್ವರ ಬಂದು ಹೊದ್ದುಕೊಂಡು ನಡುಗಿದ ವೆಲ್ಡರುಗಳನ್ನು ಕೇಳಿ, ನಾನೂ ಅವರಲ್ಲೊಬ್ಬ. ಹಳೆಯ ಫ್ರಿಜ್ಜಿನ ಜಾಳಿಗೆಯನ್ನು ಮಾಂಸ ಇಡಲು ತರುವವರೂ ಇದ್ದಾರೆ. ಹಳೆಯ ಕೆಲವದರ ಮೇಲೆ ಕ್ಯಾಡ್ಮಿಯಂ ಲೇಪ ಇರುತ್ತದೆ, ಅದು ವಿಷ. ಮಾಂಸದ ಜಾಳಿಗೆಗೆ 304 ಗ್ರೇಡಿನ ಸ್ಟೇನ್‌ಲೆಸ್ ಸಳಿ, ಇದ್ದಿಲಿನ ಬುಟ್ಟಿಗೆ ಬರೀ ಎಂ.ಎಸ್., ಅಂದರೆ ಲೇಪವಿಲ್ಲದ ಸಾದಾ ಉಕ್ಕಿನ ಜಾಳಿ. ಬುಟ್ಟಿ 35 ಸೆಂಟಿಮೀಟರ್ ಅಗಲ, 20 ಎತ್ತರ, ತಳದಿಂದ ನಾಲ್ಕು ಬೆರಳು ಮೇಲೆ ಕೂರಬೇಕು, ಬೂದಿ ಉದುರಲು ಜಾಗ ಇರಲಿ. ಬುಟ್ಟಿಯ ತಳದಿಂದ ಮಾಂಸದ ಜಾಳಿಗೆಗೆ 60 ಸೆಂಟಿಮೀಟರ್. ಕಾಲು, ಹಿಡಿಕೆ, ಹೊರಮೈಗೆ ಶಾಖ ತಡೆಯುವ ಕಪ್ಪು ಬಣ್ಣ ನಿಮ್ಮಿಷ್ಟ. ಒಳಮೈಗೆ ಬಣ್ಣ ಬೇಡ. ಹೊಸ ಕಬ್ಬಿಣದ ಹಂಚಿಗೆ ಮಾಡುವ ಹಾಗೆ ಶೇಂಗಾ ಎಣ್ಣೆ ತೆಳ್ಳಗೆ ಸವರಿ ಎರಡು ತಾಸು ಕಾಯಿಸಿ.

ಥರ್ಮಾಮೀಟರನ್ನು ಮುಚ್ಚಳಕ್ಕೆ ಹಾಕಿಸಿಕೊಳ್ಳಬೇಡಿ, ಜಾಳಿಗೆಯ ಮಟ್ಟಕ್ಕೆ ಹಾಕಿಸಿ. ಮಾಂಸ ಇರುವುದು ಅಲ್ಲಿ. ಹಾಕುವ ಮುನ್ನ ಕುದಿಯುವ ನೀರಲ್ಲಿ ಅದ್ದಿ ನೋಡಿ. ನಮ್ಮ ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು 97-98 ಡಿಗ್ರಿಗೆ. ಮುಳ್ಳು 100 ತೋರಿಸಲಿಲ್ಲ ಎಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ.

ಬೆಂಕಿ ಹಚ್ಚುವಾಗ ಬುಟ್ಟಿಯ ತುಂಬ ತಣ್ಣನೆಯ ಇದ್ದಿಲು ಹಾಕಿ, ನಡುವೆ ಮುಷ್ಟಿ ಗಾತ್ರದ ಮೂರು ನಾಲ್ಕು ಕಟ್ಟಿಗೆ ತುಂಡು ಹೂಳಿ. ಹತ್ತು ಹನ್ನೆರಡು ಕೆಂಡ ಮಾತ್ರ ಮೇಲೆ ಸುರಿಯಿರಿ. ಬೆಂಕಿ ಮೇಲಿನಿಂದ ಕೆಳಗೆ ನಿಧಾನ ಇಳಿಯುತ್ತ ಹೋಗುತ್ತದೆ, ನಾಲ್ಕು ಕಿಲೋ ಒಳ್ಳೆಯ ಇದ್ದಿಲು ಆರೇಳು ತಾಸು ಬರುತ್ತದೆ. ಬಿಸಿ 100 ದಾಟಿದ ಕೂಡಲೇ ಒಂದೊಂದೇ ಬಿರಡೆ ಹಾಕುತ್ತ ಬನ್ನಿ. 120 ಆದ ಮೇಲೆ ಮುಚ್ಚುತ್ತೇನೆ ಎಂದರೆ ಅದು 150ಕ್ಕೆ ಹೋಗಿ ನಿಲ್ಲುತ್ತದೆ, ಏರಿದ್ದನ್ನು ಇಳಿಸಲು ಒಂದು ತಾಸು ಬೇಕು. ವಾಲ್ವ್ ತಿರುಗಿಸಿದ ಪರಿಣಾಮ ಕಾಣಲು ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಮತ್ತೆ ಮತ್ತೆ ತಿರುಗಿಸಿ ಕೆಡಿಸಿಕೊಳ್ಳುತ್ತಾರೆ. ಮುಚ್ಚಳ ತೆಗೆದು ಇಣುಕಿದರೆ ಒಮ್ಮೆಗೇ ಗಾಳಿ ನುಗ್ಗಿ ಕೆಂಡವೆಲ್ಲ ಭಗ್ಗೆನ್ನುತ್ತದೆ. ಬಿಸಿ ಕಡಿಮೆ ಮಾಡಲು ಚಿಮಣಿ ಮುಚ್ಚುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು. ಹೊರಗೆ ಹೋಗದ ಹೊಗೆ ಡಾಂಬರಿನಂತೆ ಮಾಂಸಕ್ಕೆ ಮೆತ್ತಿ ನಾಲಗೆ ಕಹಿಯಾಗುತ್ತದೆ. ಹಸಿ ಕಟ್ಟಿಗೆ ಹಾಕಿದರೂ ಅದೇ ಗತಿ. ಚಿಮಣಿಯಿಂದ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಮಾಂಸ ಇಡಬೇಡಿ, ನೀಲಿ ಛಾಯೆಯ, ಕಂಡೂ ಕಾಣದ ಹೊಗೆ ಬರುವವರೆಗೆ ಕಾಯಿರಿ.

ಕಟ್ಟಿಗೆಯ ವಿಷಯದಲ್ಲಿ ನಮ್ಮ ಸೀಮೆಗೆ ಕೊರತೆ ಇಲ್ಲ. ಟೆಕ್ಸಾಸಿನವರು ಮೆಸ್ಕೀಟ್ ಎಂದು ಹೊಗಳುವ ಮರ ಇದೆಯಲ್ಲ, ಅದು ನಮ್ಮ ಬಳ್ಳಾರಿ ಜಾಲಿಯ ದಾಯಾದಿ, ಎರಡೂ ಒಂದೇ ಕುಲದವು. ಬಾಗಲಕೋಟೆ, ವಿಜಯಪುರದ ಕಡೆ ಹಳ್ಳದ ದಂಡೆಗೆ, ಬೀಳು ಹೊಲಕ್ಕೆ ಹಬ್ಬಿ ರೈತರ ಜೀವ ತಿನ್ನುವ ಗಿಡ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದರ ಹೊಗೆ ಖಾರ, ಎರಡು ತುಂಡು ಸಾಕು. ಕೋಳಿಗೆ ನಾನು ಪೇರಲ ಅಥವಾ ಮಾವು ಹಾಕುತ್ತೇನೆ. ಬೇವು ಕಹಿ, ನೀಲಗಿರಿ ಔಷಧದ ವಾಸನೆ. ಕಣಗಿಲ, ಕಳ್ಳಿ ವಿಷ, ಹತ್ತಿರವೂ ತರಬೇಡಿ. ಪ್ಲೈವುಡ್, ಬಣ್ಣದ ಹಲಗೆ, ಕಾರ್ಖಾನೆಗೆ ಮಾಲು ಬಂದ ಪ್ಯಾಕಿಂಗ್ ಹಲಗೆ ಉದ್ಯಮಬಾಗದಲ್ಲಿ ಪುಕ್ಕಟೆ ಸಿಗುತ್ತವೆ. ಅವುಗಳಲ್ಲಿ ಅಂಟೂ ಕೀಟನಾಶಕವೂ ಇರಬಹುದು, ಒಲೆಗೂ ಬೇಡ.

ಆ ತೋಟದ ಸಾವಕಾರರು ಮೊದಲ ಭಾನುವಾರವೇ ಫೋನ್ ಮಾಡಿದರು. ಆಡಿನ ಮುಂಗಾಲು ಇಟ್ಟಿದ್ದರು, ಉಪ್ಪು, ಬ್ಯಾಡಗಿ ಮೆಣಸಿನ ಪುಡಿ, ಬೆಲ್ಲ ಸವರಿ. 120 ಡಿಗ್ರಿಗೆ ಬೆಲ್ಲ ಹೊತ್ತುವುದಿಲ್ಲ, ಮೇಲೊಂದು ಕೆಂಪು ಪದರ ಕಟ್ಟುತ್ತದೆ.

“ಮಿಸ್ತ್ರೀ, ಮಾಂಸದೊಳಗಿನ ಮುಳ್ಳ 70ಕ್ಕ ನಿಂತ ಒಂದ ತಾಸ ಆತ್ರಿ. ನಿಮ್ಮ ಬ್ಯಾರಲ್ ಬಿಸಿ ಹಿಡಿವಲ್ದು.”

“ಹೊರಗಿನ ಮುಳ್ಳ ಎಷ್ಟ ಐತ್ರಿ?”

“ಅದು 120 ಐತಿ.”

“ಹಂಗಾರ ಬ್ಯಾರಲ್ ಚಲೋ ಐತ್ರಿ. ನಿಮ್ಮ ಹರವ್ಯಾಗಿನ ನೀರ ಹ್ಯಾಂಗ ತಣ್ಣಗ ಇರ್ತೈತಿ?”

ಮಣ್ಣಿನ ಹರವಿಯ ಮೈಯಿಂದ ನೀರು ಜಿನುಗಿ ಆರುವಾಗ ಶಾಖ ಎಳೆದುಕೊಂಡು ಹೋಗುತ್ತದೆ. ಮಾಂಸವೂ 65-70 ಡಿಗ್ರಿಯ ಹೊತ್ತಿಗೆ ಹಾಗೆಯೇ ಬೆವರುತ್ತದೆ. ಬೆವರು ಆರುವ ತನಕ ಒಳಗಿನ ಬಿಸಿ ಏರುವುದಿಲ್ಲ. ಆಗ ಗಾಬರಿಯಾಗಿ ಬಿರಡೆ ಕಿತ್ತರೆ ಹೊರಗೆ ಸುಟ್ಟು ಒಳಗೆ ರಬ್ಬರಾಗುತ್ತದೆ. ಆ ನಿಧಾನದಲ್ಲೇ ನರದಂಥ ಗಟ್ಟಿ ಭಾಗದ ಕೊಲಾಜೆನ್ ಕರಗಿ ಜೆಲಟಿನ್ ಆಗುತ್ತದೆ. ಕೋಳಿ ತೊಡೆಯ ಒಳಗೆ 74 ಮುಟ್ಟಿದರೆ ಸಾಕು. ಆಡಿನ ಮುಂಗಾಲು 90 ದಾಟಬೇಕು, ಆಗ ಎಲುಬು ಕೈಯಲ್ಲಿ ಎಳೆದರೆ ಬರುತ್ತದೆ. ರಾತ್ರಿ ಒಂಬತ್ತಕ್ಕೆ ಬಿಸಿ ರೊಟ್ಟಿಯ ಮೇಲೆ ಆ ಮಾಂಸ ಹರಡಿದ ಫೋಟೊ ಕಳಿಸಿದ್ದರು.

ಮಳೆಗಾಲದಲ್ಲಿ ಇದನ್ನು ಪಡಸಾಲೆಗೋ ಕಾರಿನ ಶೆಡ್ಡಿಗೋ ತರುವ ಆಸೆಯಾಗುತ್ತದೆ. ಬೇಡ. ಗಾಳಿ ಕಟ್ಟಿದ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ, ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಆರಿತು ಎಂದು ಕಂಡ ಬ್ಯಾರಲನ್ನೂ ಆ ರಾತ್ರಿ ಒಳಗೆ ತರಬೇಡಿ. ಬೂದಿಯನ್ನು ತಳದಲ್ಲಿ ಬಿಡಬೇಡಿ, ನಮ್ಮ ಜುಲೈನ ಥಂಡಿಗೆ ಅದು ನೀರು ಹೀರಿ ಪತ್ರಾಕ್ಕೆ ತುಕ್ಕು ಹಿಡಿಸುತ್ತದೆ.

ಗಿರಾಕಿಗೆ ಕೊಡುವ ಮುನ್ನ ನಾನು ಮಾಡುವ ಪರೀಕ್ಷೆ ಒಂದೇ. ಸಂಜೆ ಬುಟ್ಟಿಯ ತುಂಬ ಇದ್ದಿಲು ಹಾಕಿ, ಅರ್ಧ ಕೆಂಡವಾದಾಗ ನಾಲ್ಕೂ ಬಾಯಿ ಮುಚ್ಚಿ, ಚಿಮಣಿಗೂ ಟೋಪಿ ಹಾಕಿ ಮನೆಗೆ ಹೋಗುತ್ತೇನೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಅರ್ಧ ಬುಟ್ಟಿ ಇದ್ದಿಲು ಕಪ್ಪಗೆ ಹಾಗೆಯೇ ಉಳಿದಿದ್ದರೆ ಬಣ್ಣ ಹೊಡೆಯಲು ಹುಡುಗರಿಗೆ ಹೇಳುತ್ತೇನೆ. ಬರೀ ಬೂದಿ ಇದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಮತ್ತೆ ವೆಲ್ಡಿಂಗ್ ಹೋಲ್ಡರ್ ಎತ್ತಿಕೊಳ್ಳುತ್ತೇನೆ.